ಆ ಮೂವರು ಎಲ್ಲಿ?

ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನು ಮತ್ತು ನನ್ನ ಗೆಳತಿ ಕಣ್ಣಿನ ಪಾಪೆಯನ್ನು ಅಳೆಯಲು ಹೊರಟೆವು. ಬೆಳಕಿನಲ್ಲಿ ಪಾಪೆ ಕಿರಿದಾಗುತ್ತದೆ, ಕತ್ತಲಲ್ಲಿ ಹಿಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮನಸ್ಸಿನಲ್ಲೇ ಕಷ್ಟದ ಲೆಕ್ಕ ಮಾಡುವಾಗಲೂ ಅದು ಹಿಗ್ಗುತ್ತದೆ. 1964ರಲ್ಲಿ ಹೆಸ್ ಮತ್ತು ಪೋಲ್ಟ್ ಎಂಬ ಸಂಶೋಧಕರು ಗುಣಾಕಾರದ ಲೆಕ್ಕ ಕೊಟ್ಟು ಇದನ್ನು ತೋರಿಸಿದ್ದರು. ನಾವೂ ಮಾಡಿ ನೋಡೋಣ ಎಂದುಕೊಂಡೆವು.

ತರಗತಿಯ 12 ಮಂದಿಯ ಕಣ್ಣಿನ ಕೆಳಗೆ ಸ್ಕೇಲ್ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದೆವು. ಸುಮ್ಮನೆ ಕುಳಿತಾಗ ಒಂದು, 17ನ್ನು 14ರಿಂದ ಗುಣಿಸುವಾಗ ಇನ್ನೊಂದು. 9 ಮಂದಿಯ ಪಾಪೆ ಹಿಗ್ಗಿತ್ತು, ಮೂವರದು ಹಿಗ್ಗಿರಲಿಲ್ಲ. "ಅವರ ಫೋಟೊ ಸರಿಯಾಗಿ ಬಂದಿಲ್ಲ ಬಿಡು" ಎಂದುಕೊಂಡು ಚಾರ್ಟಿನಲ್ಲಿ 9 ಮಂದಿಯನ್ನಷ್ಟೇ ಬರೆದೆವು.

ಮೇಡಂ ಚಾರ್ಟ್ ನೋಡಿ ಕೇಳಿದರು: "12 ಜನರನ್ನು ಕರೆದಿದ್ರಲ್ಲ, ಆ ಮೂವರು ಎಲ್ಲಿ?" ನಾವು ತಲೆ ತಗ್ಗಿಸಿದೆವು. "ಎರಡೂ ಫೋಟೊ ಒಂದೇ ಜಾಗದಲ್ಲಿ ತೆಗೆದಿರಾ?" ಇಲ್ಲ. ಮೊದಲನೆಯದು ಕಿಟಕಿಯ ಬಳಿ, ಎರಡನೆಯದು ಬೋರ್ಡಿನ ಬಳಿ. ಅಲ್ಲಿ ಬೆಳಕು ಕಡಿಮೆ. ಲೆಕ್ಕದಿಂದ ಪಾಪೆ ಹಿಗ್ಗುವುದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಬೆಳಕು ಅದನ್ನು 2ರಿಂದ 8 ಮಿಲಿಮೀಟರಿನವರೆಗೆ ಬದಲಿಸಬಲ್ಲದು. ನಾವು ಅಳೆದದ್ದು ಯೋಚನೆಯನ್ನಲ್ಲ, ಕಿಟಕಿಯನ್ನು!

ಪ್ರದರ್ಶನ ಮರುದಿನವೇ ಇತ್ತು. ಚಾರ್ಟ್ ಹಾಗೇ ಇಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಕಾಲೇಜು ಬಿಟ್ಟ ಮೇಲೆ ಎಲ್ಲರನ್ನೂ ಮತ್ತೆ ಕೂರಿಸಿದೆವು. ಒಂದೇ ಕುರ್ಚಿ, ಒಂದೇ ಟ್ಯೂಬ್‌ಲೈಟ್, ಕಿಟಕಿ ಮುಚ್ಚಿ, ಫ್ಲ್ಯಾಶ್ ಇಲ್ಲದೆ. ಗೋಡೆಯ ಒಂದೇ ಚುಕ್ಕಿಯನ್ನು ನೋಡಲು ಹೇಳಿ, ಕಣ್ಣು ಆ ಬೆಳಕಿಗೆ ಹೊಂದಿಕೊಂಡ ಮೇಲೆ ಪ್ರತಿಯೊಬ್ಬರಿಗೂ ಹೊಸ ಲೆಕ್ಕವನ್ನು ಬಾಯಿಯಲ್ಲಿ ಕೇಳಿದೆವು. ಇಬ್ಬರು ರೆಪ್ಪೆ ಮಿಟುಕಿಸಿದರು. ಮೂವರ ಕಡುಕಂದು ಕಣ್ಣಿನಲ್ಲಿ ಪಾಪೆಯ ಅಂಚೇ ಕಾಣಲಿಲ್ಲ. ಸಂಶೋಧಕರು ಇನ್ಫ್ರಾರೆಡ್ ಕ್ಯಾಮೆರಾ ಬಳಸುವುದು ಏಕೆಂದು ಆಗ ಅರ್ಥವಾಯಿತು. ಉಳಿದ 7 ಮಂದಿಯಲ್ಲಿ 4 ಮಂದಿಯ ಪಾಪೆ ಮಾತ್ರ ಹಿಗ್ಗಿತ್ತು.

ಹೊಸ ಚಾರ್ಟಿನಲ್ಲಿ ಎಲ್ಲವನ್ನೂ ಬರೆದೆವು: ಯಾವ ಬೆಳಕು, ಎಷ್ಟು ಮಂದಿ, ಯಾರ ಅಳತೆ ಬಿಟ್ಟೆವು, ಏಕೆ ಬಿಟ್ಟೆವು. "ಇಷ್ಟರಿಂದ ಏನನ್ನೂ ಖಚಿತವಾಗಿ ಹೇಳಲಾಗದು" ಎಂದೂ ಸೇರಿಸಿದೆವು. ಬಹುಮಾನ ಬರಲಿಲ್ಲ. ಆದರೆ ನೋಡಲು ಬಂದವರು ಕೇಳಿದ ಪ್ರತಿ ಪ್ರಶ್ನೆಗೂ ನಮ್ಮಲ್ಲಿ ಉತ್ತರವಿತ್ತು.

ಈಗ ಭೌತಶಾಸ್ತ್ರದ ಲ್ಯಾಬಿನಲ್ಲಿ ಒಂದು ರೀಡಿಂಗ್ ಹೊಂದದಿದ್ದರೆ ಕೈ ರಬ್ಬರಿನ ಕಡೆ ಹೋಗುತ್ತದೆ. ಆಗ ಮೇಡಂ ಕೇಳಿದ ಪ್ರಶ್ನೆ ನೆನಪಾಗಿ ಕೈ ಹಿಂದೆ ಬರುತ್ತದೆ.