ಡೈನಮೋ ಸರಿಯಾಗೇ ಇತ್ತು

ಇವತ್ತು ಬೆಳೆ ವಿಷಯ ಅಲ್ಲ, ಕಾರಿನ ವಿಷಯ. ಆದ್ರೂ ಪೂರ್ತಿ ಓದಿ. ಹಳೇ ಗಾಡಿ ಇಟ್ಕೊಂಡಿರೋ ರೈತರಿಗೆ ನಾಲ್ಕು ಕಾಸು ಉಳೀಬಹುದು, ನನ್ನ ಥರ ಬಾಯಿ ಜಾರೋದೂ ತಪ್ಪಬಹುದು.

ನಮ್ಮದು 1999ರ ಮಾರುತಿ 800. ಕಂಪನಿಯವರು 2014ರಲ್ಲೇ ಈ ಗಾಡಿ ಮಾಡೋದು ನಿಲ್ಲಿಸಿದ್ರು, ನಮ್ಮ ಕಡೆ ಇನ್ನೂ ಓಡ್ತಾನೇ ಇವೆ. ಹಿಂದಿನ ಸೀಟು ಬಿಚ್ಚಿಟ್ಟು ಬೀನ್ಸ್ ಚೀಲ ತುಂಬ್ಕೊಂಡು ಬೆಳಗಿನ ಜಾವ ಕೊರವಂಗಲ ಬಿಟ್ರೆ, ವ್ಯಾಪಾರ ಶುರುವಾಗೋ ಹೊತ್ತಿಗೆ ಹಾಸನದಲ್ಲಿ ಇರ್ತೀನಿ.

ಹೋದ ಚಳಿಗಾಲದಲ್ಲಿ ಕಾಟ ಶುರುವಾಯ್ತು. ಕೀ ತಿರುಗಿಸಿದ್ರೆ ಸೆಲ್ಫ್ ಎತ್ತಲ್ಲ, ಬರೀ ಕಟ್ ಕಟ್ ಸದ್ದು. ಬ್ಯಾಟರಿ ನಾಲ್ಕು ವರ್ಷದ್ದು, ಮುಗೀತು ಅಂದ್ಕೊಂಡು ಹೊಸದು ಹಾಕಿಸ್ದೆ. ಇಪ್ಪತ್ತು ದಿನಕ್ಕೆ ಮತ್ತೆ ಅದೇ ಕಥೆ. ಹಾಸನದ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನ ಹತ್ರ ಡೈನಮೋ ಬಿಚ್ಚಿಸ್ದೆ. ಅದು ನಿಜವಾಗಿ ಆಲ್ಟರ್ನೇಟರ್, ನಾವು ಈಗಲೂ ಡೈನಮೋ ಅಂತೀವಿ. ಕಾರ್ಬನ್ ಬ್ರಷ್ಷು, ರೆಗ್ಯುಲೇಟರ್ ಎರಡೂ ಬದಲಾಯಿಸ್ದ. ಒಂದು ವಾರ ಚೆನ್ನಾಗಿತ್ತು.

ಆಮೇಲೆ ಒಂದು ದಿನ ನಾಲ್ಕೂವರೆಗೆ ಗಾಡಿ ಮತ್ತೆ ಸತ್ತು ನಿಂತಿತ್ತು. ಅಕ್ಕಪಕ್ಕದ ಮನೆಯವರನ್ನ ಎಬ್ಬಿಸಿ, ಬೂಚೇಶ್ವರ ಗುಡಿ ತನಕ ತಳ್ಳಿಸಿ ಸ್ಟಾರ್ಟ್ ಮಾಡ್ಕೊಂಡು ಹೋಗೋಷ್ಟರಲ್ಲಿ ಒಳ್ಳೇ ರೇಟು ಮುಗಿದಿತ್ತು. ಸಿಟ್ಟು ತಡೀಲಿಲ್ಲ. ಸೀದಾ ಆ ಹುಡುಗನ ಅಂಗಡಿಗೆ ಹೋಗಿ ನಾಲ್ಕು ಜನದ ಮುಂದೆ, "ಹಳೇ ಮಾಲು ಹಾಕಿ ಹೊಸದರ ದುಡ್ಡು ತಗೊಂಡಿದ್ದೀಯ" ಅಂದ್ಬಿಟ್ಟೆ. ಅವನು, "ಅಣ್ಣ, ನಾನು ಹಾಕಿದ್ದು ಹೊಸದೇ" ಅಂತ ಅಷ್ಟೇ ಹೇಳಿ ತಲೆ ಬಗ್ಗಿಸ್ಕೊಂಡ.

ಪಂಪ್‌ಸೆಟ್ಟಿನ ಬೋರ್ಡು ನೋಡೋಕೆ ಅಂತ ನನ್ನ ಹತ್ರ ಒಂದು ಮಲ್ಟಿಮೀಟರ್ ಇದೆ. ಭಾನುವಾರ ಅದನ್ನೇ ಹಿಡ್ಕೊಂಡು ಕಾರಿನ ಮುಂದೆ ಕೂತೆ. ನೋಡಿದ್ದನ್ನ ಸಾಲಾಗಿ ಬರೀತೀನಿ.

ಒಂದು. ರಾತ್ರಿಯೆಲ್ಲ ನಿಂತ ಬ್ಯಾಟರಿಗೆ ಮೀಟರ್ ಹಿಡಿದೆ: 12.1 ವೋಲ್ಟ್. ತುಂಬಿದ ಬ್ಯಾಟರಿ 12.6ರ ಸುತ್ತ ಇರ್ಬೇಕು. ಅಂದ್ರೆ ಹೊಟ್ಟೆ ಅರ್ಧ ಖಾಲಿ.

ಎರಡು. ನಿಂತಾಗ ಯಾವುದಾದ್ರೂ ಕರೆಂಟು ಕುಡೀತಿದೆಯಾ? ಎಲ್ಲ ಆಫ್ ಮಾಡಿ, ಬ್ಯಾಟರಿ ಮೈನಸ್ ವೈರು ಬಿಚ್ಚಿ, ಮೀಟರನ್ನ 10 ಆಂಪಿಯರ್‌ಗೆ ಇಟ್ಟು ಮಧ್ಯಕ್ಕೆ ಸೇರಿಸ್ದೆ. 0.03 ಆಂಪಿಯರ್. ದಿನಕ್ಕೆ ಮುಕ್ಕಾಲು ಆಂಪಿಯರ್-ಅವರ್ ಕೂಡ ಆಗಲ್ಲ, ನಮ್ಮದು 35ರ ಬ್ಯಾಟರಿ. ಇದು ಕಾರಣ ಅಲ್ಲ. (ಮೀಟರ್ ಹೀಗೆ ಸೇರಿಸಿದಾಗ ಸೆಲ್ಫ್ ಹೊಡೀಬೇಡಿ, ಮೀಟರ್ ಸುಟ್ಟೋಗುತ್ತೆ.)

ಮೂರು. ಗಾಡಿ ಸ್ಟಾರ್ಟ್ ಮಾಡಿ ಹೆಡ್‌ಲೈಟ್ ಹಾಕಿ ಬ್ಯಾಟರಿ ಮೇಲೆ ನೋಡ್ದೆ: 12.9. 13.8ರಿಂದ 14.4ರ ಒಳಗೆ ಬರ್ಬೇಕಿತ್ತು. ನೋಡಿದ್ರಾ, ಹುಡುಗ ಮೋಸ ಮಾಡಿದ್ದು ಗ್ಯಾರಂಟಿ ಅನ್ನಿಸ್ತು.

ನಾಲ್ಕು. ಹುಡುಗನ ಮುಖಕ್ಕೆ ಹಿಡಿಯೋಕೆ ಇನ್ನೊಂದು ಸಾಕ್ಷಿ ಇರಲಿ ಅಂತ ಡೈನಮೋ ಮೇಲೇ ಮೀಟರ್ ಇಟ್ಟೆ. ಕೆಂಪು ಕಡ್ಡಿ ಅದರ ದಪ್ಪ ಬೋಲ್ಟಿಗೆ, ಕಪ್ಪು ಕಡ್ಡಿ ಅದರ ಮೈಗೆ. 14.2! ಡೈನಮೋ ಸರಿಯಾಗೇ ಕೆಲಸ ಮಾಡ್ತಿತ್ತು. ಅಲ್ಲಿ 14.2 ಹುಟ್ಟಿ ಬ್ಯಾಟರಿಗೆ 12.9 ತಲುಪುತ್ತೆ ಅಂದ್ರೆ 1.3 ದಾರೀಲಿ ಹೋಗ್ತಿದೆ. ಪಂಪು ಚೆನ್ನಾಗಿ ಎತ್ತುತ್ತಿದೆ, ಪೈಪಿನೊಳಗೆ ಮಣ್ಣು ಕಟ್ಟಿದೆ, ಅಷ್ಟೇ.

ಐದು. ಕರೆಂಟಿಗೆ ಹೋಗೋ ದಾರಿ ಒಂದು, ವಾಪಸ್ ಬರೋ ದಾರಿ ಒಂದು. ಡೈನಮೋ ಬೋಲ್ಟಿಗೂ ಬ್ಯಾಟರಿ ಪ್ಲಸ್ಸಿಗೂ ಮಧ್ಯೆ ನೋಡ್ದೆ, 0.2. ಪರವಾಗಿಲ್ಲ. ಡೈನಮೋ ಮೈಗೂ ಬ್ಯಾಟರಿ ಮೈನಸ್ಸಿಗೂ ಮಧ್ಯೆ ನೋಡ್ದೆ, 1.1. ಲೆಕ್ಕ ಸರಿಹೋಯ್ತು. ತಪ್ಪು ಅರ್ತಿಂಗ್ ವೈರಲ್ಲಿ.

ಎಂಜಿನ್ ಹತ್ರ ಆ ಕಪ್ಪು ವೈರು ಕೂರೋ ಬೋಲ್ಟು ಬಿಚ್ಚಿದ್ರೆ ಒಳಗೆಲ್ಲ ಹಸಿರು ಕಿಲುಬು. ಅರ್ಧ ಎಳೆಗಳು ತುಂಡಾಗಿದ್ವು. ಮೇಲೆ ಟೇಪು ಸುತ್ತಿದ್ರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೋಲ್ಟ್ ಕೂರೋ ಜಾಗ ಉಜ್ಜುಕಾಗದದಲ್ಲಿ ಹೊಳೆಯೋ ತನಕ ಉಜ್ಜಿ, ಹೊಸ ವೈರು ಹಾಕ್ದೆ. ಖರ್ಚು 200 ರೂಪಾಯಿ ಒಳಗೆ. ಈಗ ಬ್ಯಾಟರಿ ಮೇಲೆ 14.

ಇನ್ನೊಂದು ಮಾತು. ಗಾಡಿ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷೆ ಮಾಡೋರು ಇನ್ನೂ ಇದ್ದಾರೆ. ಅದು ಹಿಂದಿನ ಕಾಲದ ಡೈನಮೋಗೆ ನಡೀತಿತ್ತು. ಆಲ್ಟರ್ನೇಟರಲ್ಲಿ ಹಾಗೆ ಮಾಡಿದ್ರೆ ವೋಲ್ಟೇಜ್ ಒಮ್ಮೆಲೇ ಏರಿ ಒಳಗಿನ ಡಯೋಡ್ ಹೋಗಬಹುದು. ಯಾರಾದ್ರೂ ಕೈ ಹಾಕಿದ್ರೆ ಬೇಡ ಅನ್ನಿ.

ಶುಂಠಿ ಎಲೆ ಹಳದಿ ಆಯ್ತು ಅಂತ ಯೂರಿಯಾ ಸುರಿಯೋರನ್ನ ನಾನೇ ಬೈದಿದ್ದೀನಿ, ಗಡ್ಡೆ ಕಿತ್ತು ನೋಡ್ರಪ್ಪ, ಕೊಳೆ ಬಂದಿರಬಹುದು ಅಂತ. ಕಾರಿನ ವಿಷಯದಲ್ಲಿ ನಾನು ಮಾಡಿದ್ದೂ ಅದೇ.

ಸೋಮವಾರ ಆ ಅಂಗಡಿಗೆ ಹೋದೆ. ಜನ ಇರೋ ಹೊತ್ತು ನೋಡ್ಕೊಂಡೇ ಹೋದೆ, ಬೈದಿದ್ದು ಜನದ ಮುಂದೆ ಅಲ್ವಾ. "ತಪ್ಪು ನನ್ನದು ಕಣಪ್ಪ, ನಿನ್ನ ಡೈನಮೋ ಸರಿಯಾಗಿತ್ತು" ಅಂದೆ. ಅವನು ಹಳೇ ವೈರನ್ನ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡ್ದ. "ಬಿಡಿ ಅಣ್ಣ, ಅವತ್ತೇ ಅರ್ತಿಂಗ್ ನೋಡಬೇಕಿತ್ತು ನಾನೂ" ಅಂದ. ವೈರನ್ನ ಅಲ್ಲೇ ಗೋಡೆ ಮೊಳೆಗೆ ನೇತು ಹಾಕ್ಕೊಂಡ.