ಮಮದಾಪುರದ ಎರೆಹೊಲದಲ್ಲಿ ಎರಡು ಬಣ್ಣದ ಹೂವು

ಗೋಕಾಕ ತಾಲೂಕಿನ ಮಮದಾಪುರ ಪ್ರವಾಸಿಗರ ಊರಲ್ಲ. ಈ ಕಡೆಗೆ ಬಂದವರು ಘಟಪ್ರಭೆ ಧುಮುಕುವ ಗೋಕಾಕ ಫಾಲ್ಸ್ ನೋಡಿ, ಕರದಂಟು ಕಟ್ಟಿಸಿಕೊಂಡು ಹಿಂದಿರುಗುತ್ತಾರೆ. ಆ ಜಲಪಾತದ ಬಳಿ 19ನೆಯ ಶತಮಾನದ ಕೊನೆಯಲ್ಲಿ ನೂಲಿನ ಗಿರಣಿ ತಲೆಯೆತ್ತಿತು. ಸುತ್ತಲಿನ ಎರೆಭೂಮಿ ಹತ್ತಿಗೆ ಹೇಳಿ ಮಾಡಿಸಿದ ನೆಲ. ಈಗ ಕಬ್ಬು, ಗೋವಿನಜೋಳಗಳದೇ ಕಾರುಬಾರು. ಆದರೂ ಹೂಬಿಟ್ಟ ಹತ್ತಿ ಹೊಲ ಕಂಡರೆ ಒಂದು ಗಳಿಗೆ ನಿಲ್ಲಿ.

ಒಂದೇ ಗಿಡದಲ್ಲಿ ಎರಡು ಬಣ್ಣದ ಹೂಗಳು! ಇಂದು ಬೆಳಿಗ್ಗೆ ಅರಳಿದ್ದು ಕೆನೆಬಣ್ಣ, ನಿನ್ನೆ ಅರಳಿದ್ದು ಗುಲಾಬಿ. ಹೂವಿಗೆ ವಯಸ್ಸಾದಂತೆ ದಳಗಳಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ತುಂಬಿಕೊಳ್ಳುತ್ತದೆ, ಅಷ್ಟೇ. ಇದು ರೋಗವಲ್ಲ.

ಈ ವರ್ಣದ್ರವ್ಯದ ಮೇಲೆ ಹವೆಯ ಹಿಡಿತವೂ ಉಂಟು. ಹತ್ತಿಯ ಬಳಗದ್ದೇ ಆದ ಬೆಟ್ಟದಾವರೆ ಬೆಳಿಗ್ಗೆ ಬಿಳಿ, ಸಂಜೆಗೆ ಕೆಂಪು. ಬಿಳಿ ಹೂವನ್ನು ಕಿತ್ತು ಫ್ರಿಜ್ಜಿನಲ್ಲಿಟ್ಟರೆ ಬಿಳಿಯಾಗಿಯೇ ಉಳಿಯುತ್ತದೆ, ಹೊರತೆಗೆದರೆ ರಂಗೇರುತ್ತದೆ. ಗುಲಾಬಿಯದು ಇದಕ್ಕೆ ತದ್ವಿರುದ್ಧ: ಚಳಿಗಾಲದಲ್ಲಿ ಗಾಢ, ಬೇಸಿಗೆಯ ಧಗೆಯಲ್ಲಿ ಪೇಲವ.

ಮಣ್ಣಿನ ಆಟ ಇನ್ನೊಂದು ಬಗೆಯದು. ಊಟಿಯ ಹುಳಿಮಣ್ಣಿನಲ್ಲಿ ನೀಲಿ ಹೂಬಿಟ್ಟ ಹೈಡ್ರೇಂಜಿಯಾವನ್ನು ತಂದು ಸುಣ್ಣದ ಅಂಶವಿರುವ ಎರೆಮಣ್ಣಿನ ಕುಂಡದಲ್ಲಿಟ್ಟರೆ ಮುಂದಿನ ಹೂಗಳು ಗುಲಾಬಿಯಾಗಬಹುದು. ನೀಲಿಗೆ ಬೇಕಾದ ಅಲ್ಯುಮಿನಿಯಂ ಇಲ್ಲಿ ಬೇರಿಗೆ ದಕ್ಕುವುದಿಲ್ಲ. ನರ್ಸರಿಯವನು ಮೋಸ ಮಾಡಿದನೆಂದು ದೂರಬೇಡಿ. ಆದರೆ ಬಿಳಿ ತಳಿಯ ಹೈಡ್ರೇಂಜಿಯಾವನ್ನು ಯಾವ ಮಣ್ಣೂ ನೀಲಿ ಮಾಡಲಾರದು. ಎಷ್ಟು ಬದಲಾಗಬಹುದೆಂಬ ಗೆರೆ ಎಳೆಯುವುದು ವಂಶವಾಹಿ. ಆ ಗೆರೆಯೊಳಗೆ ಬಣ್ಣ ತುಂಬುವುದು ಪರಿಸರ.

ಇದು ಬರೀ ಪಾಠದ ಮಾತಲ್ಲ, ರೈತನ ಜೇಬಿನ ಮಾತು. ಕೆಂಪಾದ ಹೂವಿಗೆ ಹೆದರಿ ಔಷಧ ಹೊಡೆದರೆ ಹಣ ದಂಡ. ಆದರೆ ದಳಗಳು ಬಿಚ್ಚದೆ ಗುಲಾಬಿ ಮೊಗ್ಗಿನಂತೆ ಮುದುಡಿಕೊಂಡಿದ್ದರೆ ಎಚ್ಚರ! ಒಳಗೆ ಗುಲಾಬಿ ಕಾಯಿಕೊರಕದ ಹುಳು ದಳಗಳನ್ನು ನೂಲಿನಿಂದ ಹೆಣೆದಿರಬಹುದು. ಎಲೆಗಳು ಕೆಂಪಾದರೂ ಗಮನ ಕೊಡಬೇಕು. ರಾತ್ರಿಯ ಚಳಿ, ಮೆಗ್ನೀಸಿಯಂ ಕೊರತೆ ಅದಕ್ಕೆ ಕಾರಣವಾಗಬಲ್ಲವು. ಅದೇ ವರ್ಣದ್ರವ್ಯ ಹೂವಿನಲ್ಲಿ ಸಹಜ, ಎಲೆಯಲ್ಲಿ ಮುನ್ಸೂಚನೆ.

ವಿದ್ಯಾರ್ಥಿಗಳೇ, ರಜೆಯಲ್ಲಿ ಇಷ್ಟು ಮಾಡಿ. ಹೊಲದವರನ್ನು ಕೇಳಿ, ಔಷಧ ಹೊಡೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆಳಿಗ್ಗೆ ಅರಳಿದ ಹತ್ತು ಹೂಗಳಿಗೆ ದಾರ ಕಟ್ಟಿ. ಐದಕ್ಕೆ ಮಾತ್ರ ಕಾಗದದ ನೆರಳು ಮಾಡಿ. ಸಂಜೆ ಮತ್ತು ಮರುದಿನ ನೋಡಿ, ಬಣ್ಣ, ಬಿಸಿಲು, ಮೋಡ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆಯಿರಿ. ಪಾಲಕರೇ, ಆ ಎರಡು ದಿನ ಮಕ್ಕಳ ಜೊತೆ ನೀವೂ ಹೊಲಕ್ಕೆ ಬನ್ನಿ.