ಘಟ್ಟ ಹತ್ತಿದ ಉಪ್ಪು

ನಮ್ಮೂರು ಸೂರಗೊಂಡನಕೊಪ್ಪಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ನಮ್ಮ ದಾದಿಯ, ಅಂದರೆ ಅಜ್ಜಿಯ, ಕಾಂಚಳಿಯ ಮಾತು ತೆಗೆಯುತ್ತೇನೆ. ಕಾಂಚಳಿ ಎಂಬ ರವಿಕೆಗೆ ಕವಡೆ, ಫೇಟಿಯಾ ಎಂಬ ಲಂಗಕ್ಕೆ ಕವಡೆ, ನೀರಿನ ಕೊಡ ಕೂರಿಸುವ ಸಿಂಬೆಗೂ ಕವಡೆ. ನ್ಯಾಮತಿ ತಾಲ್ಲೂಕಿನ ಯಾವ ಕೆರೆಯಲ್ಲೂ ಕವಡೆ ಹುಟ್ಟುವುದಿಲ್ಲ. ಮಾಲ್ದೀವ್ಸ್ ಕಡಲಿನಲ್ಲಿ ಹುಟ್ಟಿ, ಹಡಗು ಹತ್ತಿ ಬಂದು, ಚಿಲ್ಲರೆ ಕಾಸಾಗಿ ಸಂತೆ ಸಂತೆ ಸುತ್ತಿ, ಕೊನೆಗೆ ಅವು ನಮ್ಮ ಬಂಜಾರ ತಾಂಡಾದ ಹೆಂಗಸರ ಸೂಜಿಗೆ ಸಿಕ್ಕವು. ಆಗಿನ್ನೂ ಸಮುದ್ರವನ್ನೇ ಕಾಣದಿದ್ದ ದಾದಿ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರೆ ಸಮುದ್ರ ಕಟಕಟ ಎನ್ನುತ್ತಿತ್ತು.

ನಮ್ಮೂರಿನಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ಕಾಣುವುದು ಮೆಕ್ಕೆಜೋಳ, ಅದರಾಚೆ ಕುರುಚಲು ಗುಡ್ಡ, ಅಷ್ಟೇ. ಊರಿಗೆ ಹೆಸರು ಬಂದಿರುವುದು ಸೇವಾಭಾಯಾನಿಂದ. ಭೀಮಾ ನಾಯಕ, ಧರ್ಮಣಿ ಯಾಡಿಯರ ಮಗನಾದ ಈ ಸಂತ ಸೇವಾಲಾಲ್ 1739ರ ಫೆಬ್ರವರಿ 15ರಂದು ಇಲ್ಲಿ ಹುಟ್ಟಿದ ಎಂದು ನಾವು ನಂಬಿದ್ದೇವೆ. ಪ್ರತಿ ಫೆಬ್ರವರಿಯಲ್ಲಿ ಬಿಳಿ ಬಟ್ಟೆ ಉಟ್ಟು, ಮಾಲೆ ಹಾಕಿಕೊಂಡು, ದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುವವರ ಸಾಲು ಇನ್ನೂ ನಿಂತಿಲ್ಲ. ನಡೆಯುವುದು ನಮಗೆ ಹೊಸದಲ್ಲ, ಎತ್ತಿಲ್ಲದೆ ನಡೆಯುವುದು ಹೊಸದು.

ಹೋದ ವರ್ಷ ತಂಗಿಯ ಮಗ ಬೆಂಗಳೂರಿನಿಂದ ಬಂದವನು ಮೊಬೈಲಿನಲ್ಲಿ ಒಂದು ದೇಶ ತೋರಿಸಿದ. ಯುರೋಪಿನ ಮಾಂಟೆನೆಗ್ರೊ. ಕಡಿದಾದ ಬೆಟ್ಟ, ಬೆಟ್ಟದ ಬುಡಕ್ಕೇ ಬಂದು ನಿಂತ ನೀಲಿ ಸಮುದ್ರ, ನಡುವೆ ಕೆಂಪು ಹೆಂಚಿನ ಊರು. "ನೋಡಿ ಮಾಮಾ, ಇಷ್ಟೇ ಇಷ್ಟು ದೇಶ, ಎಷ್ಟು ಚೆಂದ ಇದೆ!" ಎಂದ. ಹೆಂಡತಿಯನ್ನು ಕರೆದುಕೊಂಡು ಹೋಗುವ ಯೋಚನೆ, ತಲೆಗೆ ಲಕ್ಷ ದಾಟುವ ಟಿಕೆಟ್ಟು. ನಾನು ಭೂಗೋಳ ಹೇಳಿಕೊಟ್ಟು ನಿವೃತ್ತನಾದವನು. ಸೌಂದರ್ಯ ಎಂದರೆ ಮೊದಲು ವಿಸ್ತೀರ್ಣ ಕೇಳುವ ರೋಗ ನನಗಿದೆ. ಸುಮಾರು 13,800 ಚದರ ಕಿಲೋಮೀಟರ್. ಬೆಟ್ಟವೂ ಕಡಲೂ ಇರುವ ಇನ್ನೊಂದು ಪುಟ್ಟ ದೇಶ ಲೆಬನಾನ್, 10,452. ನಮ್ಮ ಉತ್ತರ ಕನ್ನಡ ಜಿಲ್ಲೆ 10,291. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ಎಂದು ಐದು ಹೊಳೆಗಳು, ಬಹುಪಾಲು ಕಾಡು, ಕಾರವಾರದಲ್ಲಿ ಕಡಲಿಗೆ ಕಾಲಿಡುವ ಘಟ್ಟ. ವೀಸಾ ಬೇಡ, ಶಿವಮೊಗ್ಗದಿಂದ ಬಸ್ಸಿದೆ. ಇದನ್ನೆಲ್ಲ ಹೇಳಿದೆ. ಹುಡುಗ ನಕ್ಕು, "ಅದು ದೇಶ ಅಲ್ವಲ್ಲ ಮಾಮಾ" ಎಂದ.

ಅಲ್ಲ, ನಿಜ. ಆದರೆ ಒಂದು ಕಾಲಕ್ಕೆ ಆಗಿತ್ತು. ಆ ನೆಲದ ಒಂದು ಭಾಗಕ್ಕೆ ನಗಿರೆ ಎಂದು ಹೆಸರು, ಶರಾವತಿಯ ದಂಡೆಯ ಗೇರುಸೊಪ್ಪೆ ರಾಜಧಾನಿ. ಹದಿನಾರನೆಯ ಶತಮಾನದ ಉತ್ತರಾರ್ಧವನ್ನೆಲ್ಲ ಅಲ್ಲಿ ಆಳಿದವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಅವಳ ಬಂದರುಗಳಲ್ಲಿ ಹಡಗು ಹತ್ತುತ್ತಿತ್ತು. ಕೊನೆಗೆ ಇಕ್ಕೇರಿಯ ವೆಂಕಟಪ್ಪ ನಾಯಕ ಅವಳನ್ನು ಸೆರೆಹಿಡಿದ, ರಾಜ್ಯ ಮುಗಿಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ದೋಣಿಯಲ್ಲಿ ಇದೇ ಹೊಳೆಯನ್ನು ಏರಿ, ಗೇರುಸೊಪ್ಪೆಯಲ್ಲಿ ಇಳಿದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಹೊಳೆಯನ್ನೂ ದಂಡೆಯ ಕಾಡನ್ನೂ ಮನಸಾರೆ ಮೆಚ್ಚಿ ಬರೆದ. ಅಷ್ಟರಲ್ಲೇ ರಾಜಧಾನಿ ಪಾಳುಬಿದ್ದು ಮರಗಿಡ ಬೆಳೆದಿತ್ತು. ಇವತ್ತು ಆಚೆ ದಂಡೆಯ ಕಾಡಿನಲ್ಲಿ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ಕೂತಿದೆ. ಗೇರುಸೊಪ್ಪೆ ದಾಟುವ ನೂರು ಕಾರುಗಳಲ್ಲಿ ಒಂದಾದರೂ ಅತ್ತ ತಿರುಗುತ್ತದೆಯೇ ಎಂಬುದು ನನ್ನ ಅನುಮಾನ.

ಮೆಣಸಿನ ಈ ಕಥೆ ಪಠ್ಯಪುಸ್ತಕದಲ್ಲಿದೆ. ನನಗೆ ಕೊರೆಯುವುದು ಇನ್ನೊಂದು. ಮೆಣಸು ಘಟ್ಟ ಇಳಿಯಿತು ಸರಿ, ಇಳಿಸಿದ ಎತ್ತು ಬರಿಬೆನ್ನಿನಲ್ಲಿ ವಾಪಸು ಹತ್ತುತ್ತದೆಯೇ? ಅದಕ್ಕೂ ಒಂದು ಹೇರು ಬೇಕು. ಆ ಹೇರೇ ಉಪ್ಪು. ಇಳಿದ ಮೆಣಸಿಗೆ ರಾಣಿ ಸಿಕ್ಕಳು, ಇಟಲಿಯ ಪ್ರವಾಸಿ ಸಿಕ್ಕ. ಹತ್ತಿದ ಉಪ್ಪಿಗೆ ನಮ್ಮವರು ಸಿಕ್ಕರು, ನಮ್ಮವರಿಗೆ ಬರೆಯಲು ಬರುತ್ತಿರಲಿಲ್ಲ.

ನಮ್ಮಲ್ಲಿ ಆ ವ್ಯಾಪಾರಕ್ಕೆ ಲದೇಣಿ ಎನ್ನುತ್ತಾರೆ. ಎತ್ತಿನ ಬೆನ್ನಿನ ಎರಡೂ ಮಗ್ಗುಲಿಗೆ ಕಂಟಲೆ ಇಳಿಬಿಟ್ಟು ಧಾನ್ಯವನ್ನೋ ಉಪ್ಪನ್ನೋ ತುಂಬಿ, ಹೆಂಡತಿ ಮಕ್ಕಳು ನಾಯಿ ಕೋಳಿ ಸಮೇತ ಹೊರಡುವುದು. ಪೀಟರ್ ಮಂಡಿ ಎಂಬ ಇಂಗ್ಲಿಷಿನವನು 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ 14,000 ಎತ್ತುಗಳ ಒಂದು ತಾಂಡಾಕ್ಕೆ ಎದುರಾದ. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ಅವರು ನಡೆಯುವುದಿಲ್ಲ ಎಂದು ಬರೆದಿಟ್ಟ. 1791ರಲ್ಲಿ ಕಾರ್ನ್‌ವಾಲಿಸ್, 1799ರಲ್ಲಿ ಹ್ಯಾರಿಸ್ ಮತ್ತು ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಆ ಸೈನ್ಯಗಳಿಗೆ ಅಕ್ಕಿ ಹೊತ್ತವರಲ್ಲೂ ಬಂಜಾರರಿದ್ದರು. ಇದಕ್ಕೆ ಹೆಮ್ಮೆಪಡಬೇಕೋ ತಲೆತಗ್ಗಿಸಬೇಕೋ ನಾನಿನ್ನೂ ತೀರ್ಮಾನಿಸಿಲ್ಲ. ಉಪ್ಪಿನ ವಿಷಯದಲ್ಲಿ ಅಂಥ ಗೊಂದಲವಿಲ್ಲ. ಹೊನ್ನಾವರದಿಂದ ನಮ್ಮೂರು ಇನ್ನೂರು ಕಿಲೋಮೀಟರ್ ಆಸುಪಾಸು. ಮಂಡಿಯ ಲೆಕ್ಕದಲ್ಲಿ ಇಪ್ಪತ್ತು ದಿನದ ದಾರಿ. ಅಷ್ಟು ದಿನ ನಡೆದು ಬಂದ ಉಪ್ಪು ಹೊನ್ನಾಳಿ ಸೀಮೆಯ ಮುದ್ದೆಯ ಸಾರಿಗೆ ಬೀಳುತ್ತಿತ್ತು.

ದಾದಿ ಲದೇಣಿ ಕಂಡವಳಲ್ಲ, ಅವಳ ಅಜ್ಜ ಮಾಡಿದವನು. ಅವನ ಮಾತುಗಳು ಅವಳ ಬಾಯಲ್ಲಿ ಉಳಿದಿದ್ದವು. ಅಜ್ಜ ಇಳಿಯುತ್ತಿದ್ದ ಘಟ್ಟ ಯಾವುದು ಎಂದು ಕೇಳಿದರೆ "ಘಾಟ್ ಅಂದ್ರೆ ಘಾಟ್" ಎನ್ನುತ್ತಿದ್ದಳು. ಎಂಬತ್ತರ ದಶಕದಲ್ಲಿ, ನಾನು ಹೊಸದಾಗಿ ಮೇಷ್ಟರಾಗಿದ್ದಾಗ, ಶಾಲೆಯ ಮಕ್ಕಳ ಪ್ರವಾಸಕ್ಕೆ ಅವಳನ್ನೂ ಹತ್ತಿಸಿಕೊಂಡೆ. ಹೆಡ್‌ಮಾಸ್ಟರು ಮುಖ ಸಿಂಡರಿಸಿದರು, ಅವಳು ಬಸ್ಸಿನಲ್ಲಿ ಕಥೆ ಹೇಳಲು ಶುರು ಮಾಡಿದ ಮೇಲೆ ತಾವೇ ಮುಂದಿನ ಸೀಟು ಬಿಟ್ಟುಕೊಟ್ಟರು. ಸಾಗರ, ತಾಳಗುಪ್ಪ ದಾಟಿ ಜೋಗ. 830 ಅಡಿ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್‌ಗಳನ್ನು ನಾನು ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತಿದ್ದರೆ ದಾದಿ ಬೇಲಿಯ ಹತ್ತಿರ ಬಗ್ಗಿ ನೋಡಿ, "ದಾರಿ ಇಲ್ಲಿಲ್ಲ" ಎಂದು ಹಿಂದೆ ಸರಿದಳು. ಅಲ್ಲಿಂದ ಮಾವಿನಗುಂಡಿಗೆ ಬಂದು ಗೇರುಸೊಪ್ಪೆ ಘಟ್ಟ ಹಿಡಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಕಿಟಕಿಗೆ ತಲೆ ಹಾಕಿ ವಾಂತಿ ಮಾಡಿಕೊಂಡರು. ಡ್ರೈವರು ಕರುಣೆಯಿಂದ ಒಂದು ತಿರುವಿನಲ್ಲಿ ನಿಲ್ಲಿಸಿದ. ಕೆಳಗೆ ಕಣಿವೆಯ ತುಂಬ ಹಸಿರು, ಆ ಹಸಿರಿನ ತಳದಲ್ಲಿ ಶರಾವತಿ, ಎಲ್ಲೋ ಒಂದು ಸಿಂಗಳೀಕದ ಕೂಗು. ನಾವೆಲ್ಲ ಬಾಯಿ ತೆರೆದು ನಿಂತಿದ್ದೆವು. ದಾದಿ ಕಣಿವೆಗೆ ಬೆನ್ನು ಹಾಕಿ ರಸ್ತೆಯ ಒಳಮಗ್ಗುಲನ್ನು ನೋಡುತ್ತಿದ್ದಳು. ಬಂಡೆಯ ಮೇಲೆ ನೀರು ಜಿನುಗಿ ಪಾಚಿ ಕಟ್ಟಿತ್ತು. "ಇಲ್ಲಿ ಎತ್ತು ಜಾರ್ತದೆ. ಹೇರು ಇಳಿಸಿ ನಡೆಸಬೇಕು," ಎಂದಳು.

ನಾನು ಓದಿದ ಯಾವ ಪ್ರವಾಸ ಕಥನದಲ್ಲೂ ಆ ಘಟ್ಟವನ್ನು ಅಷ್ಟು ಸರಿಯಾಗಿ ಯಾರೂ ವರ್ಣಿಸಿಲ್ಲ. ನಮಗೆ ಅದು ನೋಟ. ಅವಳಿಗೆ ಏರು, ಜಾರು, ನೆರಳು, ನೀರು. ಎಲ್ಲಿ ಎತ್ತಿಗೆ ಮೇವಿದೆ, ಎಲ್ಲಿ ಹುಲಿಯ ಭಯಕ್ಕೆ ಬೆಂಕಿ ಹಾಕಬೇಕು, ಎಲ್ಲಿ ಮಳೆ ಹಿಡಿದರೆ ಉಪ್ಪೆಲ್ಲ ಕಂಟಲೆಯಿಂದ ಕರಗಿ ಎತ್ತಿನ ಹೊಟ್ಟೆಯ ಮೇಲೆ ಹರಿದುಹೋಗುತ್ತದೆ. ಅಜ್ಜನ ಇಡೀ ಬಂಡವಾಳ ಒಂದು ಅಕಾಲ ಮಳೆಗೆ ನೀರಾದ ಕಥೆಯನ್ನು ಅವಳು ನಗುತ್ತ ಹೇಳಿದಳು. ಮೋಡ ಇಳಿದು ಬಂದ ಘಟ್ಟವನ್ನು ಕಂಡಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಪಕ್ಕದಲ್ಲಿ ಯಾರೋ "ವಾವ್" ಎನ್ನುತ್ತಿರುತ್ತಾರೆ.

ಸಂಜೆ ಹೊನ್ನಾವರದ ಕಡಲದಂಡೆ. ಮಕ್ಕಳು ನೀರಿಗೆ ಬಿದ್ದರು. ದಾದಿ ಫೇಟಿಯಾ ಮೊಣಕಾಲಿಗೆತ್ತಿ ಒಂದು ಹೆಜ್ಜೆ ಇಟ್ಟು, ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು ಉಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಇಟ್ಕೊಂಡು ಇವರು ಉಪ್ಪಿಗೆ ದುಡ್ಡು ತಗೋತಾರಾ?" ಎಂದು ಕೇಳಿದಳು.

ದುಡ್ಡು ಯಾಕೆ ಎಂದು ತಿಳಿಯಬೇಕಾದರೆ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋಗಬೇಕು. ದಾದಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹೋದೆ. ಕುಮಟಾ ದಾಟಿ ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದರೆ ಗೋಕರ್ಣಕ್ಕೆ ಸ್ವಲ್ಪ ಮೊದಲು ರಸ್ತೆಯ ಪಕ್ಕದಲ್ಲೇ ಸಿಗುತ್ತದೆ. ಗೋಕರ್ಣಕ್ಕೆ ಓಡುವ ಭಕ್ತರೂ ಓಂ ಬೀಚಿಗೆ ಓಡುವ ಯುವಕರೂ ಅದನ್ನು ಕಿಟಕಿಯಲ್ಲೇ ದಾಟಿಬಿಡುತ್ತಾರೆ. ಅಘನಾಶಿನಿ ಕಡಲು ಸೇರುವ ಅಳಿವೆಯಲ್ಲಿ ಭರತ ಬಂದಾಗ ಉಪ್ಪುನೀರು ಒಳನುಗ್ಗುತ್ತದೆ. ತೂಬಿನಿಂದ ಅದನ್ನು ಒಳಗೆ ಬಿಟ್ಟು ದೊಡ್ಡ ಕಟ್ಟೆಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಕಡಿಮೆಯಾಗಿ ಉಪ್ಪಿನಂಶ ಏರಿದ ಮೇಲೆ ಸಣ್ಣ ಪಾತಿಗಳಿಗೆ ಹರಿಸುತ್ತಾರೆ. ಪಾತಿಯ ನೆಲವನ್ನು ಮೊದಲೇ ತುಳಿದು ತುಳಿದು ಗಟ್ಟಿ ಮಾಡಿರುತ್ತಾರೆ, ಇಲ್ಲದಿದ್ದರೆ ಉಪ್ಪಿನ ಜೊತೆ ಕೆಸರೂ ಬರುತ್ತದೆ. ಹರಳು ಕಟ್ಟಿದ ಉಪ್ಪನ್ನು ಉದ್ದ ಕೋಲಿನ ತುದಿಗೆ ಹಲಗೆ ಬಡಿದ ಸಾಧನದಿಂದ ಬದುವಿಗೆ ಎಳೆದು ಗುಡ್ಡೆ ಹಾಕುತ್ತಾರೆ. ಬೇಸಿಗೆಯ ಕೆಲವು ತಿಂಗಳು ಮಾತ್ರ ಈ ಕೆಲಸ, ಮೊದಲ ಮಳೆಗೆ ಮುಗಿಯಿತು. ಆ ಬಿಸಿಲಿನಲ್ಲಿ ಬರಿಗಾಲಿನಲ್ಲಿ ಒಂದು ತಾಸು ನಿಂತು ನೋಡಿ. ಉಪ್ಪು ಏಕೆ ಇಷ್ಟು ಅಗ್ಗ ಎಂಬ ಪ್ರಶ್ನೆ ಹುಟ್ಟುತ್ತದೆ, ದಾದಿಯ ಪ್ರಶ್ನೆಗೆ ತಿರುಗುಮುರುಗು.

ಗುಡ್ಡೆಯ ಹತ್ತಿರ ಕೂತಿದ್ದ ಹೆಂಗಸೊಬ್ಬಳು "ಯಾವೂರಾಯ್ತು ನಿಮ್ದು?" ಎಂದಳು. ನ್ಯಾಮತಿ ಎಂದೆ, ಗೊತ್ತಾಗಲಿಲ್ಲ. ಹೊನ್ನಾಳಿ, ದಾವಣಗೆರೆ ಎಲ್ಲ ಹೇಳಿದೆ. "ಅಂದ್ರೆ ಘಟ್ಟದ ಮೇಲೆ" ಎಂದು ಮುಗಿಸಿದಳು. ಸಾಗರದಿಂದ ಬಳ್ಳಾರಿಯವರೆಗೆ ಎಲ್ಲವೂ ಅವಳಿಗೆ ಘಟ್ಟದ ಮೇಲೆ, ಆ ಬಗ್ಗೆ ವಾದ ಮಾಡಿ ಪ್ರಯೋಜನವಿಲ್ಲ. ನಮ್ಮ ಹಿರಿಯರು ಇಲ್ಲಿಂದ ಎತ್ತಿನ ಮೇಲೆ ಉಪ್ಪು ಒಯ್ಯುತ್ತಿದ್ದರಂತೆ ಎಂದೆ. ಅವಳು ನನ್ನ ಶರ್ಟು ಪ್ಯಾಂಟು ನೋಡಿ, "ನೀವು ಎಷ್ಟು ಒಯ್ತ್ರಿ?" ಎಂದಳು. ಎರಡು ಕಿಲೋ ಎಂದು ಹೇಳಲು ನಾಚಿಕೆಯಾಗಿ ಇಡೀ ಚೀಲ ಕೊಂಡೆ.

ಎತ್ತುಗಳ ಕಾಲ ಮುಗಿಸಿದ್ದು ರಸ್ತೆ, ಆಮೇಲೆ ರೈಲು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ರೈಲು ಎತ್ತಿನ ಬೆನ್ನು ಹಗುರ ಮಾಡಿತು, ನಮ್ಮ ಹೊಟ್ಟೆಯನ್ನೂ. ಅದಕ್ಕೂ ಮೊದಲೇ, ಊರೂರು ಅಲೆಯುವವರ ಮೇಲೆ ಅನುಮಾನಪಟ್ಟ ಬ್ರಿಟಿಷರು 1871ರ ಅಪರಾಧಿ ಬುಡಕಟ್ಟು ಕಾಯ್ದೆ ತಂದಿದ್ದರು. ಉಪ್ಪು ಹೊತ್ತವರ ಮಕ್ಕಳು ಪೊಲೀಸರ ಮುಂದೆ ಹಾಜರಿ ಹಾಕುವಂತಾಯಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ನಡುವೆ 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಉಪ್ಪು ಮಾಡಿ ಕಾನೂನು ಮುರಿದರು. ಉಪ್ಪು ದೇಶದ ಸುದ್ದಿಯಾಗುವ ಹೊತ್ತಿಗೆ ನಮ್ಮ ಎತ್ತುಗಳು ಹೊಲ ಉಳುತ್ತಿದ್ದವು. ಈಗ ತಾಂಡಾದ ಹುಡುಗರು ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗುತ್ತಾರೆ. ನಡಿಗೆ ತಪ್ಪಿಲ್ಲ, ಹೇರು ಮಾತ್ರ ಬದಲಾಗಿದೆ.

ಪುಟ್ಟ ಬೆಟ್ಟದ ಕರಾವಳಿಯನ್ನು ಪ್ರವಾಸಿಗೆ ಮಾರುವವರು ಯಾವಾಗಲೂ ಮೇಲಿನಿಂದ ಕೆಳಗೆ ತೋರಿಸುತ್ತಾರೆ. ವ್ಯೂ ಪಾಯಿಂಟಿನಲ್ಲಿ ನಿಲ್ಲಿ, ಫೋಟೊ ತೆಗೆಯಿರಿ, ಬೀಚಿಗೆ ಇಳಿಯಿರಿ. ಹೊನ್ನಾವರದ ಕಾಸರಕೋಡಿನ ಬೀಚಿಗೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿದ್ದು, ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿದ್ದು ನನಗೂ ಸಂತೋಷವೇ. ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತ ಆ ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಇನ್ನೂ ಉಳಿದಿರುವುದು ಅದಕ್ಕಿಂತ ದೊಡ್ಡ ಸಂತೋಷ. ಆದರೆ ಆ ನಾಡು ಅರ್ಥವಾಗುವುದು ಕೆಳಗಿನಿಂದ ಮೇಲಕ್ಕೆ ಬರುವಾಗ, ಕೈಯಲ್ಲಿ ಒಂದಿಷ್ಟು ಭಾರ ಇರುವಾಗ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಂಟೆನೆಗ್ರೊಗೂ ಇದು ಅನ್ವಯಿಸೀತು. ತಂಗಿಯ ಮಗ ಹೋಗಿ ಬಂದ ಮೇಲೆ ಕೇಳುತ್ತೇನೆ.

ಆದ್ದರಿಂದ ನನ್ನದೊಂದು ವಿನಂತಿ. ಫೆಬ್ರವರಿಯಲ್ಲಿ ನಮ್ಮೂರ ಜಾತ್ರೆಗೆ ಬನ್ನಿ. ಸೇವಾಭಾಯಾ, ಮರಿಯಮ್ಮ ಯಾಡಿಯ ದರ್ಶನ ಮುಗಿಸಿ, ಸವಳಂಗ, ಶಿವಮೊಗ್ಗ, ಸಾಗರದ ಮೇಲೆ ಘಟ್ಟ ಇಳಿಯಿರಿ. ಆ ಹೊತ್ತಿಗೆ ಜೋಗ ಬಡಕಲಾಗಿರುತ್ತದೆ, ಗೊಣಗಬೇಡಿ. ಸಾಣಿಕಟ್ಟಾದಲ್ಲಿ ಬಿಸಿಲು ಏರುತ್ತಿರುತ್ತದೆ. ಅಡಿಗೆಗೆ ಅಯೋಡಿನ್ ಉಪ್ಪೇ ಇರಲಿ, ದನಕ್ಕೂ ತೆಂಗಿನ ಬುಡಕ್ಕೂ ಆಗುವಂತೆ ಅಲ್ಲಿಂದ ಒಂದು ಚೀಲ ಹೊತ್ತು ತನ್ನಿ. ಚೌಕಾಸಿ ಮಾಡಬೇಡಿ.